ಹೂಂಗೆ ಕಾಯದ ಎದೆಬಡಿತ

ಬರೆಯುವುದರಲ್ಲಿ ಒಂದು ಸುಖವಿದೆ. ಒಂದು ಮಾತು ಮುಗಿದ ಮೇಲೆ ಇನ್ನೊಂದಕ್ಕಾಗಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಮ್ಮೂರಿನಲ್ಲಿ ಬಾಯಿಬಿಟ್ಟು ಹೇಳುವುದಾದರೆ ಆ ಸುಖ ಇಲ್ಲ. ನೀವು ಒಂದು ಮಾತು ಆಡಿದಿರಿ ಅನ್ನಿ, ಎದುರಿಗಿದ್ದವರು "ಹೂಂ" ಅನ್ನಬೇಕು, ಆಮೇಲೇ ಎರಡನೆಯ ಮಾತು. ಅನ್ನಲಿಲ್ಲವೋ, ನಾಲಗೆ ಮೊಂಡೆತ್ತಿನ ಹಾಗೆ ಕೂತಲ್ಲೇ ಕೂತಿರುತ್ತದೆ. ಬೈದರೂ ಏಳದು, ಬೇಡಿಕೊಂಡರೂ ಏಳದು. ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುವುದು ಎಲ್ಲ ಊರಿನಲ್ಲೂ ಇದೆ. ನಮ್ಮಲ್ಲಿ ಊಟಕ್ಕೆ ಕೂತು ಉಪ್ಪು ಕೇಳಿ, ಆಮೇಲೆ ಮಜ್ಜಿಗೆ ಕೇಳಬೇಕಾದರೂ ನಡುವೆ ಅದು ಬೇಕು.

ಹಾಗೆಂದು ಅಯ್ಯೋ ಪಾಪ ಅನ್ನಬೇಡಿ, ನಮಗೇನೂ ಕಡಿಮೆಯಾಗಿಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಒಂದು ಮಾತು ಹೇಳಿದರೆ ಇಡೀ ಕ್ಲಾಸು ಹೂಂ ಅನ್ನುತ್ತದೆ. ಪಾಠ ಬೇಡವಾದ ದಿನ ಮಕ್ಕಳೆಲ್ಲ ಒಗ್ಗಟ್ಟಾಗಿ ಬಾಯಿ ಮುಚ್ಚಿಕೊಂಡರೆ ಆಯಿತು. ಗಂಡ ಹೆಂಡಿರ ಜಗಳ ನಮ್ಮಲ್ಲಿ ಬಹಳ ಚಿಕ್ಕದು. ಓಟಿಗೆ ನಿಂತವರು ಭಾಷಣಕ್ಕೆ ಮೊದಲು ಹೂಂಗುಟ್ಟುವವರನ್ನು ಲಾರಿಯಲ್ಲಿ ತುಂಬಿಕೊಂಡು ಬರುತ್ತಾರೆ. ಹಿಂದೆ ಮುಂದೆ ಯಾರೂ ಇಲ್ಲದವರು ಸಂಜೆ ಅರಳೀಕಟ್ಟೆಗೆ ಬಂದು, ನೀನು ನನ್ನದಕ್ಕೆ ಅನ್ನು, ನಾನು ನಿನ್ನದಕ್ಕೆ ಅನ್ನುತ್ತೇನೆ ಎಂದು ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಾರೆ. ಹೆಣ್ಣು ನೋಡಲು ಹೋದಾಗ ನಮ್ಮ ಹೆಂಗಸರು ಹಾಡು ಬರುತ್ತಾ ಎಂದು ಕೇಳುವುದಿಲ್ಲ. ಏನೋ ಒಂದು ಮಾತು ಅಂದು ಸುಮ್ಮನೆ ಕಾಯುತ್ತಾರೆ. ಹುಡುಗಿ ಹೂಂ ಅಂದಳೋ, ಸಂಬಂಧ ಕುದುರಿತು.

ಇನ್ನು ಮುಂದೆ ಬರುವ ಮಾತುಕತೆಯಲ್ಲಿ ನಡುವಿನ ಹೂಂಗಳನ್ನು ನಾನು ಬರೆಯುವುದಿಲ್ಲ, ಬರೆದರೆ ಕಾಗದದ ತುಂಬ ಅವೇ ಆಗುತ್ತವೆ. ಇದ್ದವು ಎಂದು ತಿಳಿದುಕೊಳ್ಳಿ.

ನನ್ನ ಹೆಸರು ಸರ್ವಮಂಗಳ, ಊರಿನವರ ಬಾಯಲ್ಲಿ ರಿಪೇರಿ ಮಂಗಳಕ್ಕ. ಬಸ್‌ಸ್ಟ್ಯಾಂಡ್ ಎದುರು ನನ್ನ ಅಂಗಡಿ. ಮಿಕ್ಸಿ, ಫ್ಯಾನು, ಮೊಬೈಲು, ಏನು ತಂದುಕೊಟ್ಟರೂ ಬಿಚ್ಚುತ್ತೇನೆ. ಮತ್ತೆ ಮುಚ್ಚುವುದು ಆಮೇಲಿನ ಮಾತು. ಮದುವೆಯಾಗಲಿಲ್ಲ. ಒಬ್ಬನೇ ಮನುಷ್ಯನಿಗೆ ಜೀವಮಾನವಿಡೀ ಹೂಂ ಅನ್ನುವ ತಾಳ್ಮೆ ನನಗಿರಲಿಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ. ಮನೆಯಲ್ಲಿ ಅವ್ವ, ತಮ್ಮ ಪಂಚಾಕ್ಷರಿ, ಅವನ ಹೆಂಡತಿ ದಾಕ್ಷಾಯಿಣಿ.

ದಾಕ್ಷಿ ಕಣಿವೆಯಾಚೆಯ ಊರಿನ ಹುಡುಗಿ. ಬಂದ ಹೊಸತರಲ್ಲಿ ಹೂಂ ಅನ್ನುವುದು ಅವಳಿಗೆ ಮರೆತೇ ಹೋಗುತ್ತಿತ್ತು. ಅವ್ವ ಬೈಯುವುದಕ್ಕೆಂದು ಶುರುಮಾಡಿ, ಮೊದಲ ಮಾತಿಗೇ ಸಿಕ್ಕಿಹಾಕಿಕೊಂಡು, ಸೌಟು ಹಿಡಿದು ಕೆಂಪಗೆ ನಿಂತಿರುತ್ತಿದ್ದಳು. ಈ ಹುಡುಗಿ ಅತ್ತೆ ಎಷ್ಟು ಸಮಾಧಾನದವರು ಎಂದುಕೊಂಡು ನಗುತ್ತಿತ್ತು. ಆಮೇಲೆ ಕಲಿತಳು, ಇಲ್ಲೇ ಹುಟ್ಟಿದವಳ ಹಾಗೆ ಕಲಿತಳು. ನಮ್ಮೂರಿನ ನೀರು ಅವಳ ನಾಲಗೆಗೂ ಹತ್ತಿತು, ಅವಳ ಮಾತೂ ಹೂಂಗೆ ನಿಲ್ಲತೊಡಗಿತು.

ಎರಡು ಸಲ ಬಸುರಾದಳು. ಎರಡು ಸಲವೂ ಏಳನೆಯ ತಿಂಗಳು ತುಂಬುವ ಹೊತ್ತಿಗೆ ಒಳಗಿನ ಕೂಸು ಸದ್ದಿಲ್ಲದೆ ಹೋಗಿಬಿಟ್ಟಿತು. ನೋವಿಲ್ಲ, ಏನಿಲ್ಲ. ಹಿಂದಿನ ದಿನ ತಾನೇ ನರ್ಸಮ್ಮ ಬಂದು ಎದೆಬಡಿತ ಎಣಿಸಿ, ಎಲ್ಲ ಸರಿಯಾಗಿದೆ ಅಂದು ಹೋಗಿದ್ದಳು. ಎರಡನೆಯ ಸಲದ ನಂತರ ದಾಕ್ಷಿ ಅತ್ತದ್ದನ್ನು ನಾನು ನೋಡಲಿಲ್ಲ. ಅವಳು ಅಳದೆ ಇದ್ದದ್ದನ್ನು ನೋಡಿದೆ, ಅದು ಇನ್ನೂ ಕಷ್ಟವಾಗಿತ್ತು.

ಈಗ ಮೂರನೆಯದು, ಏಳನೆಯ ತಿಂಗಳು ನಡೆಯುತ್ತಿತ್ತು. ಕಣಿವೆಯಾಚೆ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ತಬಸ್ಸುಮ್ ಎಂಬ ಹೆರಿಗೆ ಡಾಕ್ಟರು ಇದ್ದಾರೆ. ಬರಿಯ ಎಣಿಕೆ ಸಾಲದು, ಮಗುವಿನ ಬಡಿತ ಹೇಗೆ ಏರುತ್ತೆ, ಹೇಗೆ ಇಳಿಯುತ್ತೆ ಎಂದು ಗಂಟೆಗಟ್ಟಲೆ ಗೆರೆ ನೋಡಬೇಕು ಅಂದರು. ಕಣಿವೆಯ ರಸ್ತೆಯೋ, ಬಸುರಿಯನ್ನು ಮೇಲಿಂದ ಮೇಲೆ ಕರೆದುಕೊಂಡು ಹೋಗಿ ಬರುವ ರಸ್ತೆಯೇ ಅಲ್ಲ. ಅವರ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳಲು ಹಾಸಿಗೆಯಿಲ್ಲ. ನಾನು ಜಂಬದಿಂದ, "ಗೆರೆ ತಾನೆ ಡಾಕ್ಟ್ರಮ್ಮ, ಅದನ್ನ ನಾನು ಮನೆಯಿಂದಲೇ ಕಳಿಸ್ತೀನಿ ಬಿಡಿ" ಅಂದುಬಿಟ್ಟೆ.

ಕಟ್ಟಿದೆ ಕೂಡ. ಹೊಟ್ಟೆಗೆ ಸುತ್ತುವ ಒಂದು ಬೆಲ್ಟು, ಅದರಲ್ಲಿ ಬಡಿತ ಹಿಡಿಯುವ ಬಿಲ್ಲೆ. ಬಿಲ್ಲೆಯಿಂದ ತಂತಿ ಬಂದು ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡಿಗೆ ಸೇರುತ್ತದೆ. ಬೋರ್ಡಿನ ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ವೈಫೈ ಮಾಡ್ಯೂಲು. ಅದು ಅಳತೆಗಳನ್ನು ಗಾಳಿಯಲ್ಲಿ ನಮ್ಮ ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿಗೆ ಕೊಡುತ್ತದೆ, ಡಬ್ಬಿಯಿಂದ ಕಣಿವೆ ದಾಟಿ ಡಾಕ್ಟ್ರಮ್ಮನ ಕಂಪ್ಯೂಟರಿಗೆ. ಒಂದೊಂದು ಬಡಿತ ಆ ಕಡೆಗೆ ಹೋದಾಗಲೂ ಮನೆಯವರಿಗೆ ಕೇಳಲಿ ಎಂದು ಹಳೆಯ ರೇಡಿಯೋದ ಸ್ಪೀಕರನ್ನು ಅದಕ್ಕೆ ಸೇರಿಸಿದೆ. ಟಪ್ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಮತ್ತೆ ಟಪ್.

ಆ ಬೆಳಿಗ್ಗೆ ಡಾಕ್ಟ್ರಮ್ಮನ ಫೋನು ಬಂತು.

"ಮಂಗಳಾ, ನೀವು ಕಳಿಸ್ತಿರೋದು ಗೆರೆ ಅಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕಿ. ಎರಡು ಚುಕ್ಕಿ ಮಧ್ಯೆ ಮಗು ಏನು ಮಾಡ್ತು ಅಂತ ನನಗೆ ಗೊತ್ತೇ ಆಗ್ತಿಲ್ಲ. ಇದೇ ಸಮಯದಲ್ಲಿ ತಾನೆ ಮೊದಲೆರಡು ಹೋಗಿದ್ದು? ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾನು ಹೇಗೆ ಕಾಯಲಿ? ಸಂಜೆಯೊಳಗೆ ಪೂರ್ತಿ ಗೆರೆ ಕಾಣದಿದ್ರೆ ಆಂಬ್ಯುಲೆನ್ಸ್ ಕಳಿಸ್ತೀನಿ. ಆಪರೇಷನ್ ಮಾಡಿ ಮಗು ತೆಗೆದುಬಿಡಬೇಕಾಗುತ್ತೆ."

"ಈಗ ತೆಗೆದ್ರೆ ಉಳಿಯುತ್ತಾ ಡಾಕ್ಟ್ರಮ್ಮ?"

"ಸುಳ್ಳು ಹೇಳಲ್ಲ, ಉಸಿರಾಟ ಇನ್ನೂ ಬಲಿತಿಲ್ಲ, ಕಷ್ಟ ಇದೆ. ಒಳಗೇ ಬಿಟ್ಟು ಮತ್ತೆ ಹಾಗೇ ಆದ್ರೆ ಅದೂ ಕಷ್ಟ. ಒಳಗೆ ಗಟ್ಟಿಯಾಗಿದೆ ಅಂತ ಕಣ್ಣಾರೆ ಕಂಡ್ರೆ ಮಾತ್ರ ಬಿಡಬಹುದು."

ಫೋನಿಟ್ಟು ತಿರುಗಿದರೆ ದಾಕ್ಷಿ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ನನ್ನ ಜಂಬದ ಮಾತು ನೆನಪಾಗಿ, ಥೂ ಈ ನನ್ನ ನಾಲಗೆಗೆ ಯಾರೂ ಹೂಂ ಅನ್ನದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಪಂಚಾಕ್ಷರಿ ಒಂದು ಕ್ಷಣ ನಿಲ್ಲಲಿಲ್ಲ. "ಸಿಗ್ನಲ್ ಸಾಲ್ತಿಲ್ಲ ಕಣಕ್ಕ, ಡಬ್ಬಿ ಒಳಗೇ ತಂದಿಟ್ರೆ ಸರಿಹೋಗ್ತೈತೆ" ಎಂದು ಗೋಡೆಯಿಂದ ಡಬ್ಬಿ ಕಿತ್ತು ಹೆಂಡತಿಯ ಮಂಚದ ತಲೆದೆಸೆಗೇ ತಂದು ಕಟ್ಟಿದ. ಸಿಗ್ನಲ್ ತುಂಬಿಕೊಂಡು ಬಂತು, ಬಡಿತ ಮಾತ್ರ ಮೊದಲಿನ ಹಾಗೇ ಟಪ್, ಆಮೇಲೆ ಮೌನ. ಬೋರ್ಡಿನಿಂದ ಮಾಡ್ಯೂಲಿಗೆ ಅಳತೆ ದಾಟುವ ವೇಗವನ್ನು ನಾನು ಎಷ್ಟು ಏರಿಸಬಹುದೋ ಅಷ್ಟೂ ಏರಿಸಿದೆ. ಒಂದಿಷ್ಟು ವಾಸಿಯಾಯಿತು. ಮಾಡ್ಯೂಲು ಬ್ಯಾಟರಿ ಉಳಿಸುವ ನೆಪದಲ್ಲಿ ಕೆಲಸದ ನಡುನಡುವೆ ತೂಕಡಿಸುತ್ತದೆ. ಆ ತೂಕಡಿಕೆಯನ್ನೂ ಬಿಡಿಸಿದೆ. ಇನ್ನೊಂದಿಷ್ಟು ವಾಸಿ. ಡಾಕ್ಟ್ರಮ್ಮನಿಗೆ ಫೋನು ಮಾಡಿದರೆ, "ಚುಕ್ಕಿ ಸ್ವಲ್ಪ ಹತ್ತಿರ ಬಂದಿವೆ, ಗೆರೆ ಇನ್ನೂ ಇಲ್ಲ" ಅಂದರು.

ಮಧ್ಯಾಹ್ನ ಅವ್ವ ತಟ್ಟೆಗೆ ಅನ್ನ ಹಾಕಿ ತಂದಳು. ಯಾರೂ ಮುಟ್ಟಲಿಲ್ಲ. ನನಗೆ ಅಳು ಬರುತ್ತಿತ್ತು, ಅಳು ಬಂದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಸ್ಕ್ರೂ ಕೈಜಾರಿ ಬೀಳುತ್ತದೆ. ಮಂಚದ ಕೆಳಗೆ ಬಗ್ಗಿ ಸ್ಕ್ರೂ ಹುಡುಕುತ್ತಿದ್ದೆ, ಮೇಲಿಂದ ದಾಕ್ಷಿ ಕರೆದಳು. ನಾನು ಅವಳ ಗಂಡನ ಅಕ್ಕ, ಅವಳು ನನ್ನನ್ನು ಅತ್ತಿಗೆ ಅನ್ನುತ್ತಾಳೆ.

"ಅತ್ತಿಗೆ, ಆ ಬೋರ್ಡಿನ ಕೆಂಪು ದೀಪ ಒಂದ್ಸಲ ಮಿನುಗಿ ಯಾಕೆ ಸುಮ್ಮನಾಗುತ್ತೆ?"

"ಒಂದು ಅಳತೆ ಕಳಿಸ್ತು. ಆ ಕಡೆಯಿಂದ ಮುಟ್ತು ಅಂತ ಬರಬೇಕಲ್ಲ, ಅದಕ್ಕೆ ಕಾಯ್ತಾ ಐತೆ."

"ಬರೋ ತನಕಾನಾ?"

"ಬರೋ ತನಕ."

"ಅಲ್ಲಿ ತನಕ ನನ್ನ ಮಗು ಸುಮ್ಮನೆ ಇರುತ್ತಾ ಅತ್ತಿಗೆ? ಅದು ಬಡ್ಕೊಳ್ತಾನೇ ಇರುತ್ತಲ್ಲ?"

ನನಗೆ ರೇಗಿತು. "ಮತ್ತೇನು ಮಾಡ್ಬೇಕು ದಾಕ್ಷಿ? ಕಾಯದೆ ಇನ್ನೊಂದು ಮಾತು ಹೆಂಗೆ ಆಡೋದು?"

ಅವಳು ನನ್ನ ಮುಖ ನೋಡಿದಳು. ಅಷ್ಟು ಸಂಕಟದಲ್ಲೂ ಅವಳ ತುಟಿಯಂಚಿನಲ್ಲಿ ನಗು ಬಂತು.

"ಅತ್ತಿಗೆ, ಆ ಮಿಷನ್ನು ಈ ಊರಿನದಾ?"

ಸ್ಕ್ರೂ ಹುಡುಕುತ್ತಿದ್ದ ನಾನು ಹಾಗೇ ನೆಲದ ಮೇಲೆ ಕೂತೆ. ಅಲ್ಲ. ಆ ಬೋರ್ಡೂ ಅಲ್ಲ, ಮಾಡ್ಯೂಲೂ ಅಲ್ಲ, ಎರಡೂ ಪಾರ್ಸಲ್‌ನಲ್ಲಿ ಹೊರಗಿನಿಂದ ಬಂದವು. ಅವಕ್ಕೆ ನಮ್ಮೂರಿನ ನಾಲಗೆ ಎಲ್ಲಿಂದ ಬರಬೇಕು? ಕಾಯಿ ಎಂದು ಅವಕ್ಕೆ ಹೇಳಿಕೊಟ್ಟವಳು ನಾನು. ಒಂದು ಅಳತೆ ಕಳಿಸು, ಹೂಂ ಬರುವ ತನಕ ನಿಲ್ಲು, ಬಂದ ಮೇಲೆ ಇನ್ನೊಂದು ತಗೋ ಎಂದು ಪ್ರೋಗ್ರಾಮಿನ ಮೊದಲಿನಲ್ಲೇ ಬರೆದಿದ್ದೆ. ಯೋಚನೆ ಮಾಡಿ ಬರೆದದ್ದಲ್ಲ. ಹೊರಗೆ ಹೊರಟಾಗ ಚಪ್ಪಲಿ ಮೆಟ್ಟುವುದನ್ನು ಯಾರಾದರೂ ಯೋಚನೆ ಮಾಡುತ್ತಾರೆಯೇ? ಬೆಳಗಿನಿಂದ ಆ ಪ್ರೋಗ್ರಾಮನ್ನು ಎಷ್ಟು ಸಲ ಓದಿದ್ದೆ, ಆ ಸಾಲಿನ ಮೇಲೆ ಕಣ್ಣು ಜಾರಿಹೋಗಿತ್ತೇ ಹೊರತು ನಿಂತಿರಲಿಲ್ಲ.

"ಕಣಿವೆಯಾಚೆ ನಮ್ಮೂರ ಬಾವಿಕಟ್ಟೆ ಮೇಲೆ ಹೆಂಗಸರೆಲ್ಲ ಒಟ್ಟಿಗೇ ಮಾತಾಡ್ತಾರೆ" ಅಂದಳು ದಾಕ್ಷಿ. "ಯಾರೂ ಯಾರಿಗೂ ಕಾಯಲ್ಲ. ಆದ್ರೂ ಸಂಜೆ ಹೊತ್ತಿಗೆ ಎಲ್ಲರಿಗೂ ಎಲ್ಲಾ ಗೊತ್ತಿರುತ್ತೆ."

"ಕೇಳೋರು ಅವ್ರೋ ಇಲ್ವೋ ನೋಡದೆ ಮಾತಾಡೋದು ಹುಚ್ಚರ ಲಕ್ಷಣ ಕಣವ್ವ" ಎಂದಳು ಬಾಗಿಲಲ್ಲಿ ನಿಂತಿದ್ದ ಅವ್ವ.

ಪಂಚಾಕ್ಷರಿ ತಲೆ ಕೆರೆದುಕೊಂಡ. "ಅಂದ್ರೆ ಅಕ್ಕಾ, ಇಷ್ಟು ದಿನ ನಾವು ಸಂತೆಗೆ ಒಂದೊಂದೇ ಬದನೇಕಾಯಿ ಹೊತ್ಕೊಂಡು ಹೋಗಿ ಬರ್ತಿದ್ವಾ?"

"ಹೂಂ ಕಣೋ. ಅದೂ ಗಿರಾಕಿ ಆಯ್ತು ಅನ್ನೋ ಗಂಟ ಅಲ್ಲೇ ನಿಂತ್ಕೊಂಡು."

ಎದ್ದು ಕೂತು ಬರೆಯತೊಡಗಿದೆ. ಮಾಡಬೇಕಾದದ್ದು ದೊಡ್ಡ ವಿದ್ಯೆಯೇನಲ್ಲ. ಅಳತೆಗಳನ್ನು ಒಂದೊಂದಾಗಿ ಕಳಿಸುವ ಬದಲು ಗಂಟು ಕಟ್ಟಬೇಕು. ಒಂದು ಗಂಟು ದಾರಿಯಲ್ಲಿರುವಾಗಲೇ ಬಿಲ್ಲೆ ತಂದುಕೊಡುವ ಅಳತೆಗಳನ್ನು ಇನ್ನೊಂದು ಗಂಟಿಗೆ ತುಂಬುತ್ತಿರಬೇಕು. ಪ್ರತಿ ಗಂಟಿಗೂ ಒಂದು ಗುರುತು, ಯಾವುದಾದರೂ ದಾರಿತಪ್ಪಿದರೆ ಆ ಕಡೆಯವರೇ ಕೇಳಿ ತರಿಸಿಕೊಳ್ಳಲಿ. ಇಷ್ಟೇ. ಆದರೆ ಕಾಯುವ ಆ ಒಂದು ಸಾಲನ್ನು ಅಳಿಸಬೇಕಾಗಿ ಬಂದಾಗ ನನ್ನ ಬೆರಳು ಕೀಲಿಯ ಮೇಲೆ ಇಳಿಯಲೊಲ್ಲದು. ನಗಬೇಡಿ. ಹುಟ್ಟಿದಾಗಿನಿಂದ ಹೂಂ ಕೇಳದೆ ಎರಡನೆಯ ಮಾತು ಆಡಿದವಳಲ್ಲ ನಾನು. ಮಾತು ಹೋಗಿ ಎಲ್ಲಿ ಬಿತ್ತು, ಯಾರ ಕಿವಿಗೆ ಬಿತ್ತು ಎಂದು ತಿಳಿಯದೆ ಅದರ ಹಿಂದೆ ಇನ್ನೊಂದನ್ನು ಕಳಿಸುವುದೆಂದರೆ ಕತ್ತಲಲ್ಲಿ ಮೆಟ್ಟಿಲು ಇಳಿದಂತೆ. ಅದೂ ಕಳಿಸುತ್ತಿರುವುದು ಮನೆಯ ಕೂಸಿನ ಎದೆಬಡಿತವನ್ನು. ಕೇಳಿಸದೆ ಹೋದರೆ? ಯಾರೂ ಇಲ್ಲದಿದ್ದರೆ ಅಲ್ಲಿ?

"ಅಳಿಸಿ ಅತ್ತಿಗೆ" ಅಂದಳು ದಾಕ್ಷಿ. "ಡಾಕ್ಟರು ಅಲ್ಲಿ ಕೂತಿದ್ದಾರೆ. ಹೂಂ ಅನ್ನದಿದ್ರೂ ಕೇಳಿಸ್ಕೊಳ್ತಾರೆ, ಹೊರಗಿನೋರು ಹಾಗೇ."

ಅಳಿಸಿದೆ. ಹೊಸ ಪ್ರೋಗ್ರಾಮನ್ನು ಬೋರ್ಡಿಗೆ ತುಂಬಿ ಗುಂಡಿ ಒತ್ತಿದೆ.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೆಂಪು ದೀಪ ಮಿನುಗಿತು, ಮಿನುಗುವುದನ್ನು ಬಿಟ್ಟು ಒಂದೇ ಸಮ ಉರಿಯಿತು. ಸ್ಪೀಕರು ಟಪ್ ಅಂದಿತು. ನಾವೆಲ್ಲ ಅಭ್ಯಾಸದಂತೆ ಮೌನಕ್ಕೆ ಕಾದೆವು. ಮೌನ ಬರಲಿಲ್ಲ. ಟಪಟಪ ಟಪಟಪ ಟಪಟಪ ಎಂದು ಬಂತು ನೋಡಿ, ಅಪ್ಪಾ! ಕುದುರೆ ಕಟ್ಟು ಹರಿದುಕೊಂಡು ಮನೆಯೊಳಕ್ಕೇ ನುಗ್ಗಿದ ಹಾಗೆ. ಹೂಂ ಇಲ್ಲದೆ ಇಷ್ಟು ದೂರ ಓಡಿದ ಸದ್ದನ್ನು ನಮ್ಮೂರಿನಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಅವ್ವನಿಗೆ ಗಾಬರಿಯಾಗಿ, ಮಗು ನಿಂತುಬಿಟ್ಟೀತು ಎಂಬ ಭಯಕ್ಕೆ, ಪ್ರತಿಯೊಂದು ಬಡಿತಕ್ಕೂ "ಹೂಂ, ಹೂಂ, ಹೂಂ, ಹೂಂ" ಎಂದು ಶುರುಮಾಡಿದಳು. ಎಷ್ಟು ಹೊತ್ತು ಅಂದಾಳು ಪಾಪ, ಉಸಿರು ಕಟ್ಟಿತು, ಬಡಿತಕ್ಕಿಂತ ಹಿಂದೆ ಬಿದ್ದಳು. ಅವಳು ಬಾಯಿ ಮುಚ್ಚಿದ ಮೇಲೂ ಅದು ಓಡುತ್ತಲೇ ಇತ್ತು. ಅವ್ವ ಗೋಡೆಗೊರಗಿ ನೆಲಕ್ಕೆ ಕೂತು ಕೈಮುಗಿದಳು. "ಶಿವನೇ, ಯಾರ ಹಂಗೂ ಇಲ್ದೆ ಬಡ್ಕೊಂತೈತಲ್ಲೋ" ಎಂದಳು. ಪಂಚಾಕ್ಷರಿ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದ.

ಫೋನು ಹೊಡೆದುಕೊಂಡಿತು, ಎತ್ತಿದರೆ ಡಾಕ್ಟ್ರಮ್ಮ, "ಬಂತು" ಅಂದರು. "ಪೂರ್ತಿ ಬಂತು. ಯಾರೂ ಮಾತಾಡಬೇಡಿ, ನೋಡ್ತೀನಿ."

ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ಗೆರೆ ಬರುತ್ತಿತ್ತು. ಸಣ್ಣಗೆ ನಡುಗುತ್ತ, ಏರುತ್ತ, ಇಳಿಯುತ್ತ, ಜೀವ ಇರುವ ಗೆರೆ. ಅಷ್ಟರಲ್ಲಿ ದಾಕ್ಷಿ, "ಹೊಟ್ಟೆ ಬಿಗೀತಿದೆ" ಅಂದಳು. ಬಸುರಿಯರಿಗೆ ಹಾಗೆ ಆಗಾಗ ಆಗುತ್ತದೆ, ಅವಳಿಗೂ ಆಗುತ್ತಿತ್ತು. ಆದರೆ ಈ ಸಲ ಒಳಗೆ ಏನಾಗುತ್ತದೆ ಎಂಬುದು ನಮ್ಮ ಕಣ್ಣೆದುರಿಗಿತ್ತು. ಗೆರೆ ಬಾಗಿತು. ಟಪಟಪ ನಿಧಾನವಾಯಿತು. ಇನ್ನೂ ಬಾಗಿತು, ಇನ್ನೂ ನಿಧಾನವಾಯಿತು. ಹಿಂದೆಲ್ಲ ಇದು ಎರಡು ಚುಕ್ಕಿಗಳ ನಡುವಿನ ಸಂದಿಯಲ್ಲಿ ಬಿದ್ದು ಹೋಗುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ದಾಕ್ಷಿ ನನ್ನ ಮಣಿಕಟ್ಟು ಹಿಡಿದಳು, ಮೂಳೆ ಮುರಿಯುವ ಹಾಗೆ ಹಿಡಿದಳು. ಗೆರೆ ಕೆಳಗೇ ಇತ್ತು. ಏಳೋ, ಏಳೋ ನನ್ನಪ್ಪ, ಏಳೋ ಎಂದು ನನ್ನ ಮನಸ್ಸು ಬಡಿದುಕೊಂಡಿತು. ಡಾಕ್ಟ್ರಮ್ಮ ಆ ಕಡೆ ಉಸಿರೆಳೆದುಕೊಂಡದ್ದು ಕೇಳಿಸಿತು.

ಎದ್ದಿತು. ಒದ್ದುಕೊಂಡು ಎದ್ದ ಹಾಗೆ ಎದ್ದು, ಮೊದಲಿದ್ದ ಎತ್ತರಕ್ಕೆ ಹೋಗಿ ಮತ್ತೆ ಓಟ ಹಿಡಿಯಿತು. ಸ್ವಲ್ಪ ಹೊತ್ತಿಗೆ ಹೊಟ್ಟೆ ಇನ್ನೊಮ್ಮೆ ಬಿಗಿಯಿತು, ಗೆರೆ ಇನ್ನೊಮ್ಮೆ ಬಿದ್ದಿತು, ಇನ್ನೊಮ್ಮೆ ಎದ್ದಿತು. ಡಾಕ್ಟ್ರಮ್ಮ ಬಹಳ ಹೊತ್ತು ನೋಡಿದರು.

"ಗಟ್ಟಿ ಮಗು ಕಣ್ರೀ" ಅಂದರು ಕೊನೆಗೆ. "ಬೀಳುತ್ತೆ, ಬಿದ್ದ ಕೂಡಲೇ ಏಳುತ್ತೆ. ಇಂಥಾ ಮಗೂನ ನಾನು ಈಗ ಮುಟ್ಟಲ್ಲ, ಒಳಗೇ ಬೆಳೀಲಿ. ಬೆಲ್ಟ್ ಮಾತ್ರ ಬಿಚ್ಚಬೇಡಿ. ಏಳೋದು ತಡವಾಯ್ತು ಅಂತ ಕಂಡ ದಿ‌ನವೇ ಗಾಡಿ ಕಳಿಸ್ತೀನಿ."

ಆ ಗಾಡಿ ಬಂದದ್ದು ಒಂಬತ್ತು ತುಂಬಿದ ಮೇಲೆ, ಹೆರಿಗೆಗೆ. ಹೋದವರು ಇಬ್ಬರು, ಬಂದವರು ಮೂವರು. ಆದರೆ ನಾನು ಹೇಳಹೊರಟದ್ದು ಅದಲ್ಲ, ಗೆರೆ ಮೂಡಿದ ದಿನವೇ, ಸಂಜೆಗೆ ಮುಂಚೆ ನಡೆದದ್ದು.

ನರ್ಸಮ್ಮ ಬಂದು ಬೆಲ್ಟು ಸರಿಮಾಡಿ, ದಾಕ್ಷಿಯನ್ನು ಎಡ ಮಗ್ಗುಲಿಗೆ ಮಲಗಿಸಿ ಹೋಗಿದ್ದಳು. ನಾವು ಮೂವರೂ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಕೋಣೆಯೊಳಗಿಂದ ದಾಕ್ಷಿಯ ಮಾತು ಕೇಳಿಬಂತು. ಮೆಲ್ಲಗೆ, ಬಿಡದೆ, ಒಂದರ ಹಿಂದೆ ಒಂದು. ಅವ್ವ ಲೋಟ ಕೆಳಗಿಟ್ಟಳು.

"ಒಳಗೆ ಯಾರವ್ರೇ ಮಂಗ್ಳಿ?"

"ಯಾರೂ ಇಲ್ಲವ್ವ."

"ಮತ್ತೆ ಹೂಂ ಅಂತಿರೋರು ಯಾರು?"

ನಮ್ಮೂರಿನ ಬಸುರಿಯರು ಹೊಟ್ಟೆಯೊಳಗಿನ ಕೂಸಿಗೆ ಒಂದೇ ಒಂದು ಮಾತು ಹೇಳುತ್ತಾರೆ. ಹೇಳಿ, ಹೊಟ್ಟೆಯ ಮೇಲೆ ಕೈಯಿಟ್ಟು, ಸುಮ್ಮನಾಗುತ್ತಾರೆ. ಪಕ್ಕದಲ್ಲಿ ಗಂಡ ಕೂತು ಹೂಂ ಅಂದರೆ ನಡೆಯುವುದಿಲ್ಲ, ಯಾರಿಗೆ ಹೇಳಿದ ಮಾತೋ ಅವರೇ ಅನ್ನಬೇಕು. ಒಳಗಿನದು ಎಲ್ಲಿಂದ ಅಂದೀತು? ಅದಕ್ಕೇ ನಮ್ಮ ತಾಯಂದಿರು ಆ ಒಂದು ಮಾತನ್ನು ಬಹಳ ಆರಿಸಿ ಇಟ್ಟುಕೊಂಡಿರುತ್ತಾರೆ.

ನಾವು ಕೋಣೆಯ ಹೊಸ್ತಿಲಿಗೆ ಹೋಗಿ ನಿಂತೆವು. ದಾಕ್ಷಿ ಕಣ್ಣುಮುಚ್ಚಿ ಮಲಗಿದ್ದಳು. ನಾವು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಸ್ಪೀಕರು ಟಪಟಪ ಅನ್ನುತ್ತಿತ್ತು.

"ನಿನಗಿಂತ ಮುಂಚೆ ಇಬ್ಬರು ಬಂದಿದ್ರು" ಎನ್ನುತ್ತಿದ್ದಳು. "ನಿನ್ನ ಅಕ್ಕ ಒಬ್ಬಳು, ನಿನ್ನ ಅಣ್ಣ ಒಬ್ಬ. ಅವರಿಗೆ ಇರು ಅಂತ ಒಂದು ಮಾತು ಹೇಳಿದ್ದೆ, ಇನ್ನೇನೂ ಹೇಳೋಕಾಗಲಿಲ್ಲ. ಇಲ್ಲಿ ಹೇಗಿರುತ್ತೆ, ಯಾರ್ಯಾರು ಇದ್ದಾರೆ, ಯಾಕೆ ಇರಬೇಕು, ಏನೂ ಹೇಳಲಿಲ್ಲ. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು? ನಿನಗೆ ಎಲ್ಲಾ ಹೇಳ್ತೀನಿ ಕೇಳು."

ಅವ್ವ ನನ್ನ ತೋಳು ಹಿಡಿದು ಕಿವಿಯಲ್ಲಿ ಕೇಳಿದಳು, "ಮಿಷನ್ನು ಹೂಂ ಅಂತೈತೇನೇ?"

"ಮಿಷನ್ ಹೂಂ ನಡಿಯಲ್ಲವ್ವ" ಎಂದೆ ನಾನೂ ಪಿಸುಮಾತಿನಲ್ಲಿ. "ಟೇಪಿನಲ್ಲಿ ಹಿಡಿದಿಟ್ಟ ಹೂಂ ಹಾಕಿ ನಾನೇ ಒಂದ್ಸಲ ನೋಡಿದ್ದೀನಿ, ಒಂದಕ್ಷರ ಬರಲಿಲ್ಲ. ಕೇಳಿಸ್ಕೊಂಡೋರೇ ಅನ್ನಬೇಕು."

ಅವ್ವ ಸೊಸೆಯ ಹೊಟ್ಟೆಯ ಕಡೆ ನೋಡಿದಳು. ದಾಕ್ಷಿಯ ಒಂದೊಂದು ಮಾತಿನ ಹಿಂದೆಯೂ ಆ ಟಪಟಪ ಕೇಳುತ್ತಿತ್ತು. ನಾವು ಮೂವರೂ ಹೊಸ್ತಿಲು ದಾಟದೆ ಅಲ್ಲೇ ನಿಂತೆವು. ದಾಕ್ಷಿ ಹೇಳುತ್ತಲೇ ಇದ್ದಳು, ಅದು ಕೇಳುತ್ತಲೇ ಇತ್ತು.